ಗಾಡೀದು ಗಾಡಿಗೆ

ಕನ್ನಡಿಯಲ್ಲಿ ರಸ್ತೆಯೇ ಇಲ್ಲ, ಹೊಗೆ, ಬರೀ ಹೊಗೆ, ಹಿಂದೆ ಬರುತ್ತಿದ್ದ ಲಾರಿಯ ಮೂತಿ ಒಂದು ಸಲ ಕಂಡು ಮತ್ತೆ ಅದರೊಳಗೇ ಮುಳುಗಿತು, ಥೂ, ಇವತ್ತೇ ಬರಬೇಕಿತ್ತೇ ಈ ದರಿದ್ರ, ಪಾಲಯ್ಯ ಕನ್ನಡಿಯನ್ನು ಓರೆ ಮಾಡಿದ, ನೋಡದಿದ್ದರೆ ಹೊಗೆ ನಿಂತುಬಿಡುತ್ತದೇನೋ ಅನ್ನುವ ಹಾಗೆ, ಓರೆ ಕನ್ನಡಿಯಲ್ಲಿ ಈಗ ಹಿಂದಿನ ಸೀಟಿನ ಮೂರ್ತಪ್ಪ ಸಾಹೇಬರು, ಮೂಗಿಗೆ ಕರ್ಚೀಫು, ಹಿರಿಯೂರು ಬಿಟ್ಟಾಗ ಅದು ಜೇಬಿನಲ್ಲಿತ್ತು. ದೊಡ್ಡ ಇಂಜಿನಿಯರು, ಆಫೀಸಿಗೆ ತಿಂಗಳ ಬಾಡಿಗೆಗೆ ಒಂದು ಕಾರು ಬೇಕಂತೆ, ದುರ್ಗದತನಕ ಹೋಗಿ ಬರಾಣ ನಡಿಯಪ್ಪ, ಗಾಡಿ ಹೆಂಗೈತೆ ನೋಡ್ತೀನಿ, ಅಂದು ಹತ್ತಿದವರು, ಅವರು ಹೂಂ ಅಂದರೆ ಪಾಲಯ್ಯನ ಹಳೇ ಅಂಬಾಸಿಡರಿಗೆ ವರ್ಷವಿಡೀ ಕೆಲಸ, ಬಸ್ ಸ್ಟ್ಯಾಂಡಿನ ಹುಣಸೆ ಮರದಡಿ ನೊಣ ಹೊಡೆಯುತ್ತ ಕೂರುವುದು ತಪ್ಪುತ್ತದೆ, ಉಹೂಂ ಅಂದರೆ — ಉಹೂಂ ಅಂದರೆ ಕಾರು ಮಾರಿ ಮತ್ತೆ ಹಗಲೂ ಇರುಳೂ ಊರು ಹರಿಯಬ್ಬೆ, ಅಣ್ಣ ಕಾಟಯ್ಯನ ಕುರಿ ರೊಪ್ಪ, ಹೆಗಲ ಮೇಲೆ ಕಂಬಳಿ, ಕಾಲಡಿ ಹಿಕ್ಕೆ, ಉಚ್ಚೆಯ ಘಾಟು, ಮೂಲೆಯಲ್ಲಿ ಅಣ್ಣನ ಆ ಎಣ್ಣೆ ಡಬ್ಬ, ಅದರ ಬಾಯಿಗೆ ತುರುಕಿದ ಕರಿ ಉಣ್ಣೆಯ ಬಿರಡೆ, ಜಿಡ್ಡು ಕುಡಿದು ಕುಡಿದು ಸತ್ತ ಇಲಿಯ ಹಾಗಿರುವ ಬಿರಡೆ. ತನ್ನ ಪಾಲಿನ ಕುರಿ ಮಾರಿ ಈ ಕಾರು ತಂದದ್ದೇ ಆ ವಾಸನೆ ಬಿಟ್ಟು ಬರಲಿಕ್ಕೆ. ಏನ್ರೀ ಇದು ಹೊಗೆ, ಕರ್ಚೀಫಿನ ಒಳಗಿಂದ ಸಾಹೇಬರು, ಏನಿಲ್ಲ ಸಾ, ಮೊನ್ನೆ ಆಯಿಲ್ ಬದಲಾಯ್ಸಿದೀನಿ, ಇಂಜಿನ್ ಮೇಲೆ ಒಂಚೂರು ಚೆಲ್ಲಿರ್ತೈತಲ್ಲ, ಅದು ಸುಡ್ತೈತೆ, ಈಗ ಹೋಗ್ತೈತೆ ನೋಡ್ರಿ.

ಎಲ್ಲಿ ಹೋಗುತ್ತದೆ. ಚೆಲ್ಲಿದ್ದು ಮೊನ್ನೆಯೇ ಸುಟ್ಟುಹೋಗಿತ್ತು, ಮುರುಗಪ್ಪನ ಗ್ಯಾರೇಜಿನಿಂದ ಹೊರಟಾಗ ಬಾನೆಟ್ಟಿನ ಸಂದಿಯಿಂದ ಸ್ವಲ್ಪ ಬಂತು, ನಿಂತಿತು, ನಿನ್ನೆಯೆಲ್ಲ ಓಡಿಸಿದರೂ ಒಂದೆಳೆ ಹೊಗೆ ಇಲ್ಲ, ಇವತ್ತು ಸೈಲೆನ್ಸರಿನಿಂದಲೇ ಉಕ್ಕುತ್ತಿದೆ, ಹಾಳಾದ್ದು, ಕಪ್ಪಗಿದ್ದರೆ ಪೆಟ್ರೋಲು ಜಾಸ್ತಿಯಾಗಿದೆ ಅನ್ನಬಹುದು, ಬೆಳ್ಳಗಿದ್ದರೆ ನೀರು ಇಳಿದಿದೆ ಅನ್ನಬಹುದು, ನೀಲಿ ಅಂದರೆ ಎಣ್ಣೆ ಉರಿಯುತ್ತಿದೆ, ಇದು ನೀಲಿ, ಆದರೆ ಬರೀ ನೀಲಿಯೂ ಅಲ್ಲ, ಮಂದ, ಕೊಳಕು, ನೆಲಕ್ಕೆ ಅಂಟಿಕೊಂಡು ಹರಿಯುವಂಥದ್ದು. ಏರಿನಲ್ಲಿ ಜಾಸ್ತಿಯಾದರೆ ಪಿಸ್ಟನ್ನಿನ ರಿಂಗು ಸವೆದಿದೆ, ಇಳಿಜಾರಿನಲ್ಲಿ ಕಾಲು ಎತ್ತಿ ಮತ್ತೆ ಒತ್ತಿದಾಗ ಬಂದರೆ ವಾಲ್ವು ಹೋಗಿದೆ, ಪಾಲಯ್ಯ ಏರಿನಲ್ಲಿ ಒತ್ತಿ ನೋಡಿದ, ಬಂತು, ಇಳಿಜಾರಿನಲ್ಲಿ ಎತ್ತಿ ಒತ್ತಿದ, ಬಂತು, ಸಪಾಟು ರಸ್ತೆಯಲ್ಲಿ ಸುಮ್ಮನೆ ಹೋದರೂ ಬಂತು, ಒಂದೇ ದಿನದಲ್ಲಿ ರಿಂಗೂ ವಾಲ್ವೂ ಎರಡೂ ಹೋಗುತ್ತವೆಯೇ, ಮುರುಗಪ್ಪನೇ ಏನೋ ಮಾಡಿದ್ದಾನೆ, ಹಳೇ ಎಣ್ಣೆ ಬಟ್ಟೆಯಲ್ಲಿ ಸೋಸಿ ಹುಯ್ದನೇ, ಇಲ್ಲ, ಹೊಸ ಡಬ್ಬದ ಸೀಲು ಒಡೆದದ್ದು ಪಾಲಯ್ಯನೇ, ಅಳತೆ ಕಡ್ಡಿ ಎತ್ತಿ ನೋಡಿದ್ದೂ ಅವನೇ, ಗೀಟಿಗೆ ಸರಿಯಾಗಿ ನಿಂತಿತ್ತು, ಜೇನಿನ ಬಣ್ಣ. ಮತ್ತೆ ಈ ವಾಸನೆ ಎಲ್ಲಿಯದು, ಗೇರಿನ ಬುಡದ ಸಂದಿಯಿಂದ ಒಳಗೆ ನುಗ್ಗುತ್ತಿದೆ, ಇಂಜಿನ್ ಆಯಿಲ್ ಸುಟ್ಟ ವಾಸನೆ ಅವನಿಗೆ ಗೊತ್ತಿಲ್ಲವೇ, ಅದಲ್ಲ ಇದು, ಇದರಲ್ಲಿ ಕಹಿ ಇದೆ, ನಾಲಿಗೆಯ ಬುಡಕ್ಕೆ ಹತ್ತುವ ಕಹಿ, ಗೊತ್ತಿರುವುದೇ, ಹೆಸರು ಬಾಯಿಗೆ ಬರುತ್ತಿಲ್ಲ. ಕುರಿ ರೊಪ್ಪ ಹೊಕ್ಕಂಗಾಯ್ತಲ್ರಿ, ಸಾಹೇಬರು ಗಾಜು ಇಳಿಸಿದರು, ಕುರಿ ಏನಾದ್ರೂ ತುಂಬ್ತೀರಾ ಇದ್ರಾಗೆ, ಅಯ್ಯೋ ಇಲ್ಲ ಸಾ, ಒಂದಿನಾನೂ ಇಲ್ಲ, ಪಾಲಯ್ಯನ ಕಿವಿಯವರೆಗೆ ಬಿಸಿ ಏರಿತು.

ಒಂದು ದಿನವೂ ಇಲ್ಲ, ಮರಿಯೊಂದಕ್ಕೆ ಹೊಟ್ಟೆ ಉಬ್ಬರಿಸಿದಾಗ ಹಿರಿಯೂರಿನ ದನದ ಡಾಕ್ಟರ ಹತ್ತಿರ ಬಿಡೋ ಅಂತ ಅಣ್ಣ ಕೇಳಿದ್ದ, ಆಗಲೂ ಇಲ್ಲ ಅಂದಿದ್ದ, ಅಣ್ಣ ಹೆಗಲ ಮೇಲೆ ಹೊತ್ತುಕೊಂಡು ನಡೆದೇ ಹೋದ, ಹೋಗಲಿ, ಸೀಟಿಗೆ ಹೇಸಿಗೆ ಅಂಟಿದರೆ ತೊಳೆಯುವವರು ಯಾರು. ನಿನ್ನೆ ಸಂಜೆಯೂ ಹಾಗೇ, ಸಾಹೇಬರು ಹತ್ತುತ್ತಾರೆಂದು ಹರಿಯಬ್ಬೆಯ ಮನೆ ಮುಂದೆ ಕಾರು ತೊಳೆದು, ಒರೆಸಿ, ಮುಖ ನೋಡಿಕೊಳ್ಳುವ ಹಾಗೆ ಮಾಡಿ ನಿಲ್ಲಿಸಿದರೆ ಅಣ್ಣ ಬಂದು ಬಾಗಿಲಿಗೇ ಕೈಯೂರಿ ನಿಂತ, ಮರಿಗಳಿಗೆ ಕಜ್ಜಿ ಎದ್ದೈತೆ ಲೇ, ಅಂದ, ಐದು ಬೆರಳೂ ಕರ್ರಗೆ ಮೂಡಿದವು. ಕಾರಿನ ಎಣ್ಣೆ ಬದಲಾಯಿಸಿದಾಗಲೆಲ್ಲ ಅಣ್ಣ ಮುರುಗಪ್ಪನ ಗ್ಯಾರೇಜಿನ ಮುಂದೆ ಡಬ್ಬ ಹಿಡಿದು ನಿಲ್ಲುತ್ತಾನೆ, ಎಲ್ಲಿ ಬಿಚ್ಚುತ್ತಾರೆ, ಎಲ್ಲಿ ಹುಯ್ಯುತ್ತಾರೆ, ಕಣ್ಣಲ್ಲೇ ನೋಡುತ್ತ, ಇಳಿಸಿದ ಕರಿ ಎಣ್ಣೆ ಹೊತ್ತುಕೊಂಡು ಹೋಗಿ, ಬೇವಿನೆಣ್ಣೆ ಹೊಂಗೆಯೆಣ್ಣೆ ಬೆರೆಸಿ, ಕಾಯಿಸಿ, ಕೂದಲು ಉದುರಿ ಕೆಂಪಗೆ ಒಡೆದ ಬೆನ್ನುಗಳಿಗೆ ಅಂಗೈಯಲ್ಲಿ ಬಳಿಯುತ್ತಾನೆ, ಅದೇ ಕೈ, ಅದೇ ಬಾಗಿಲು. ಥೂ, ಅಂದಿದ್ದ ಪಾಲಯ್ಯ, ಮನೆ ಬಾಗಿಲಲ್ಲಿ ಅತ್ತಿಗೆ ಗಂಗಕ್ಕ ನಿಂತಿದ್ದಳು, ಅವಳೆದುರೇ, ಗಾಡೀದೆಲ್ಲ ಬಳ್ಕಂಡ್ ಹೋಗ್ತೀಯಲ್ಲ, ಒಂದಿನಾನಾದ್ರೂ ಗಾಡಿಗೆ ಅಂತ ಏನಾರ ತಂದಿದೀಯಾ, ಕಂಡಾಗೆಲ್ಲ ಡಬ್ಬ ಒಡ್ಡಾಕೆ ನಾಚ್ಕೆ ಆಗಲ್ವಾ ನಿಂಗೆ. ಅಣ್ಣ ಕೈಯಲ್ಲಿದ್ದ ಡಬ್ಬದ ಬಾಯಿಗೆ ಆ ಕರಿ ಉಣ್ಣೆಯನ್ನು ಹೆಬ್ಬೆರಳಿನಿಂದ ಒತ್ತಿದ, ತಿರುವಿದ, ಮತ್ತೆ ಒತ್ತಿದ, ಅತ್ತಿಗೆಯೇ ಸೆರಗಿನಿಂದ ಕಾರಿನ ಬಾಗಿಲು ಒರೆಸಿದಳು. ಇವತ್ತು ಬೆಳಿಗ್ಗೆ ಪಾಲಯ್ಯ ಸ್ನಾನ ಮಾಡಿ ಹೊರಗೆ ಬಂದಾಗ ಅಣ್ಣ ಕಾರಿನ ಮುಂದೆ ನಿಂತಿದ್ದ, ಗಾಡೀದು ಗಾಡಿಗೆ ಸೇರ್ತು ಲೇ ಪಾಲ, ಇನ್ನ ಆಡ್ಬ್ಯಾಡ, ಅಂದ, ಬಾಗಿಲು ಒರೆಸಿದ್ದರ ಮಾತೇನೋ ಅಂದುಕೊಂಡು ಪಾಲಯ್ಯ ಮುಖ ತಿರುಗಿಸಿ ಹತ್ತಿದ್ದ.

ನಿಲ್ಸ್ರಿ ನಿಲ್ಸ್ರಿ, ಸಾಹೇಬರು ಐಮಂಗಲದಲ್ಲಿ ಇಳಿದೇಬಿಟ್ಟರು, ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಹೋಟೆಲಿನ ಬೆಂಚಿನಲ್ಲಿದ್ದವರು ಲೋಟ ಹಿಡಿದು ಎದ್ದು ನೋಡುತ್ತಿದ್ದಾರೆ, ಐದೇ ನಿಮಿಷ ಸಾ, ನೋಡ್ತೀನಿ ಸಾ, ನೋಡ್ಕಳ್ರಿ ನಿಧಾನಕ್ಕೆ, ನಂಗೆ ಇದು ಬ್ಯಾಡಪ್ಪ, ಅಂದರು ಸಾಹೇಬರು, ದುರ್ಗದ ಬಸ್ಸು ಬಂತು, ಕರ್ಚೀಫು ಬಸ್ಸಿನ ಬಾಗಿಲಲ್ಲಿ ಒಂದು ಸಲ ಬೆಳ್ಳಗೆ ಕಂಡಿತು, ಹೋಯಿತು, ಆಯಿತು, ಮುಗಿಯಿತು. ಪಾಲಯ್ಯ ಬಾನೆಟ್ಟು ಎತ್ತಿದ, ಕಹಿ ಮುಖಕ್ಕೆ ಹೊಡೆಯಿತು, ಕಡ್ಡಿ ಎಳೆದ, ಗೀಟಿನಿಂದ ಎರಡು ಬೆರಳು ಮೇಲೆ ಎಣ್ಣೆ, ಎಲ್ಲಿಂದ ಬಂತು ಇಷ್ಟು, ಜೇನಿನ ಬಣ್ಣ ಹೋಗಿ ಕರ್ರಗೆ, ಗಸಿಗಸಿ, ಮೂಗಿಗೆ ಹಿಡಿದ, ಹೊಂಗೆ, ಬೇವು, ಬೆನ್ನು ಒಡೆದ ಕುರಿ, ಛೀ, ಇದನ್ನ, ಇದನ್ನ ಇಂಜಿನ್ನಿಗೆ, ಯಾವ ಮುಂಡೇಮಗ — ಎಣ್ಣೆ ಹುಯ್ಯುವ ಬಾಯಿಯ ಮುಚ್ಚಳ ಅರ್ಧ ತಿರುವಿ ಬಿಟ್ಟಿತ್ತು, ತಿರುಪು ಎತ್ತ ಎಂದು ಗೊತ್ತಿಲ್ಲದವರು ಮುಚ್ಚಿದ ಹಾಗೆ, ಸುತ್ತ ಕರಿ ಬೆರಳಿನ ಗುರುತು, ಐದೂ, ಬಿಸಿಯಾದ ಮುಚ್ಚಳ ಪಾಲಯ್ಯನ ಕೈ ಸುಟ್ಟಿತು, ಬಿಡಲಿಲ್ಲ, ತೆಗೆದ, ಅಂಚಿನಲ್ಲಿ ಒಂದು ಎಳೆ, ಕರಿ ಉಣ್ಣೆ. ಗಾಡೀದು ಗಾಡಿಗೆ ಸೇರ್ತು. ಎಲ್ಲಾ ಹುಯ್ದೆಯಾ ಅಣ್ಣ, ಒಂದು ತೊಟ್ಟೂ ಇಟ್ಟುಕೊಳ್ಳದೆ, ಡಬ್ಬ ಬೋರಲು ಹಾಕಿ, ಕೊನೆಯ ಹನಿಯವರೆಗೂ ಕಾದು ನಿಂತೆಯಾ, ಮರಿಗಳ ಬೆನ್ನಿಗೆ ಇವತ್ತು ಏನು ಬಳಿದೆ, ಬರೀ ಅಂಗೈಯೇ, ನಾನು ಅಂದದ್ದಕ್ಕೆ, ನಾನು ಥೂ ಅಂದದ್ದಕ್ಕೆ, ಥೂ ನನ್ನ ಬಾಯಿಗೆ, ಹೋಟೆಲಿನವನು ಕೂಗುತ್ತಿದ್ದಾನೆ, ನೀರು ಬೇಕೇನ್ರಿ, ಬೇಡ, ಏನೂ ಬೇಡ, ಪಾಲಯ್ಯ ಎಳೆಯನ್ನು ಕಿತ್ತ, ಬೆರಳಿಗೆ ಅಂಟಿತು, ಪ್ಯಾಂಟಿಗೆ ಒರೆಸಿದ, ಬರಲಿಲ್ಲ, ಇನ್ನೊಂದು ಬೆರಳಿಗೆ ಹತ್ತಿತು, ಹೆಬ್ಬೆರಳಿಗೆ, ಒತ್ತಿದ, ತಿರುವಿದ, ಮತ್ತೆ ಒತ್ತಿದ, ಕರಿ ಉಣ್ಣೆ, ಹೆಬ್ಬೆರಳಿನ ಕೆಳಗೆ ಕರಿ ಉಣ್ಣೆ.