ಪಾರ್ವತಿಬಾಯಿಯ ಅಗ್ನಿಮೂಲೆ

ಗ್ಯಾಸಿನ ಮೇಲೆ ಬೇಯಿಸಿದ ಜೋಳದ ರೊಟ್ಟಿಗೆ ರುಚಿಯೇ ಹತ್ತುವುದಿಲ್ಲ ಎಂಬುದು ಪಾರ್ವತಿಬಾಯಿಯವರ ಹಳೆಯ ತಕರಾರು. ದಿಲ್‌ಸುಖ್‌ನಗರದ ತಮ್ಮ ಮನೆಯ ದೊಡ್ಡ ಹಿತ್ತಲಲ್ಲಿ ಒಂದು ಕಟ್ಟಿಗೆ ಒಲೆ, ಕೂತು ರೊಟ್ಟಿ ಬಡಿಯಲು ಕಟ್ಟೆ, ಮೇಲೊಂದು ಸೂರು ಬೇಕೆಂದು ಮೂರು ವರ್ಷದಿಂದ ಕೇಳುತ್ತಿದ್ದರು. ಕೊನೆಗೂ ಗಂಡ ಅಮರೇಶಪ್ಪ ಹೂಂ ಅಂದರು. ಒಲೆ ಮಾತ್ರ ಅಗ್ನಿಮೂಲೆಯಲ್ಲೇ ಇರಬೇಕೆಂದು ಅಮರೇಶಪ್ಪನವರ ಹಟ. ಗೋಡೆ ಕಟ್ಟುವ ಗೌಂಡಿ ಮೌನಪ್ಪ ಹಿತ್ತಲ ಆಗ್ನೇಯದ ತುದಿಯಲ್ಲಿ, ಕಾಂಪೌಂಡ್ ಗೋಡೆಗೆ ತಾಗಿಸಿಯೇ ಸುಣ್ಣದ ಗೆರೆ ಎಳೆದ.

ಪಕ್ಕದ ಮನೆಯ ಗುಣವತಿ ತಮ್ಮ ಮನೆ ಕಟ್ಟಿಸುವಾಗ ಪರವಾನಗಿಗೆ ತಾವೇ ಓಡಾಡಿದವರು. ಗೆರೆ ನೋಡಿ ಕೇಳಿದರು. "ಪರ್ಮಿಶನ್ ತಗೊಂಡೀರೇನ್ರಿ ಅಣ್ಣಾರ?"

"ನಮ್ಮ ಜಾಗಾ, ನಮ್ಮ ಒಲಿ. ರೊಟ್ಟಿ ಮಾಡಾಕೂ ಸರ್ಕಾರದ ಸಹಿ ಬೇಕೇನವಾ?"

"ರೊಟ್ಟಿಗೆ ಬ್ಯಾಡ್ರಿ, ಸೂರಿಗೆ ಬೇಕಾಗ್ತೈತಿ. ಮೊದಲ ಮನಿ ನಕಾಶಿ ತಗೀರಿ."

ಪಾರ್ವತಿಬಾಯಿ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಕೆಳಗಿದ್ದ ನಕ್ಷೆ ತಂದರು. ಅದರಲ್ಲಿ ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಂದು ಖಾಲಿ ಪಟ್ಟಿ ಇತ್ತು. ಗಾಳಿ ಬೆಳಕಿಗೆ, ಬೆಂಕಿ ಬಿದ್ದರೆ ಜನ ಓಡಾಡಲು ಬಿಡಬೇಕಾದ ಜಾಗ ಅದು, ಅಲ್ಲಿ ಕಟ್ಟುವಂತಿಲ್ಲ ಎಂದು ಗುಣವತಿ ಬೆರಳಿಟ್ಟು ತೋರಿಸಿದರು. ಹಿಂದಿನ ಗಲ್ಲಿಯಲ್ಲಿ ಹೀಗೇ ಕಟ್ಟಿದ ಶೆಡ್ಡನ್ನು ನೋಟಿಸ್ ಬಂದ ಮೇಲೆ ಮನೆಯವರೇ ಒಡೆಸಬೇಕಾಯಿತಂತೆ.

"ಅಗ್ನಿಮೂಲಿ ಬಿಟ್ಟು ಒಲಿ ಹೂಡಾಂಗಿಲ್ಲ. ಹಂಗಾದ್ರ ಒಲಿನೇ ಬ್ಯಾಡ" ಎಂದು ಅಮರೇಶಪ್ಪ ಟವೆಲ್ ಕೊಡವಿ ಎದ್ದರು.

ಮೂರು ವರ್ಷದ ಆಸೆ ಟವೆಲಿನ ಧೂಳಿನಂತೆ ಹಾರಿಹೋಗುವುದರಲ್ಲಿತ್ತು. ಪಾರ್ವತಿಬಾಯಿ ವಾದಕ್ಕಿಳಿಯಲಿಲ್ಲ. ರಂಗೋಲಿ ಡಬ್ಬಿ ತಂದರು. ಗುಣವತಿ ಟೇಪು ಹಿಡಿದರು. ನಕ್ಷೆಯಲ್ಲಿದ್ದಷ್ಟು ಜಾಗ ಬಿಟ್ಟು ಹಿತ್ತಲಿಗೆ ಒಳಗೆರೆ ಎಳೆದು, ಆ ಗೆರೆಯ ಆಗ್ನೇಯದ ತುದಿಯಲ್ಲಿ ಪಾರ್ವತಿಬಾಯಿ ಹೋಗಿ ನಿಂತರು.

"ಇಲ್ಲಿ ನೋಡ್ರಿ. ಕಟ್ಟೂ ಜಾಗಕ್ಕೂ ಒಂದ್ ಅಗ್ನಿಮೂಲಿ ಐತಿ."

ಅಮರೇಶಪ್ಪ ಸೂರ್ಯನನ್ನು ನೋಡಿದರು, ಗೆರೆ ನೋಡಿದರು, ಹೆಂಡತಿಯ ಮುಖ ನೋಡಿದರು. "ಖರೇ ಐತಿ ಬಿಡು" ಎಂದರು.

ಲೈಸೆನ್ಸ್ ಇದ್ದ ಎಂಜಿನಿಯರರಿಂದ ನಕ್ಷೆ ಬರೆಸಿ ನಗರಪಾಲಿಕೆಗೆ ಅರ್ಜಿ ಹಾಕಿದರು. ಹೊಗೆ ಕೊಳವೆ ಗುಣವತಿಯವರ ಕಿಟಕಿಯಿಂದ ದೂರವಿರುವಂತೆ ನೋಡಿಕೊಂಡರು. ಉತ್ತರ ಬರುವ ತನಕ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಅಳೆಯಲು ಬಂದ ಅಧಿಕಾರಿಗೆ ಟೇಪಿನ ತುದಿ ಹಿಡಿದವರು ಸ್ವತಃ ಅಮರೇಶಪ್ಪ. ಪರವಾನಗಿ ಬಂತು, ಒಲೆ ಎದ್ದಿತು.

ಮೊದಲ ರೊಟ್ಟಿ ಪೂರಿಯಂತೆ ಉಬ್ಬಿತು. ಪಾರ್ವತಿಬಾಯಿ ಅದನ್ನು ಶೇಂಗಾ ಚಟ್ನಿ ಹಚ್ಚಿ ಗುಣವತಿಯವರ ಕೈಗಿಟ್ಟರು. ಈಗ ಗಲ್ಲಿಯಲ್ಲಿ ಯಾರ ಮನೆ ಮುಂದೆ ಮರಳು ಬಿದ್ದರೂ ಅಮರೇಶಪ್ಪನವರದು ಒಂದೇ ಪ್ರಶ್ನೆ: "ಪರ್ಮಿಶನ್ ತಗೊಂಡೀರೇನ್ರಿ?"

ಅಕ್ಕಂದಿರೇ, ಹಿತ್ತಲಲ್ಲಿ ಅಡುಗೆಮನೆ ಕಟ್ಟುವ ಆಸೆ ನಿಮಗೂ ಇದ್ದರೆ ಮೊದಲು ಮನೆಯ ನಕ್ಷೆ ತೆಗೆಯಿರಿ. ಬಿಡಬೇಕಾದ ಜಾಗ ಒಂದೊಂದು ನಿವೇಶನಕ್ಕೆ ಒಂದೊಂದು ಥರ. ಏನೇನಕ್ಕೆ ಪರವಾನಗಿ ಬೇಕೆಂದು ನಗರಪಾಲಿಕೆ ಕಚೇರಿಯಲ್ಲೇ ಕೇಳಿ, ಗೌಂಡಿಯನ್ನು ಆಮೇಲೆ ಕರೆಯಿರಿ. ನೀವು ಹೊತ್ತಿಸಿದ ಒಲೆಯನ್ನು ಯಾವ ನೋಟಿಸೂ ಆರಿಸದಿರಲಿ.