ಬೇವಿನ ಬಾಗಿಲುವಾಡ

ಚಲುವರಾಜುವಿನ ಕೊರಳಿಗೆ ಬಿದ್ದ ಹಾರ ನೆನ್ನೆಯದು. ಸುಗಂಧರಾಜ ಕಂದಿ ಕೊಳೆತು, ಅದರ ನೀರು ಅಂಗಿಯೊಳಗೆ ಬೆನ್ನಿನುದ್ದಕ್ಕೂ ಇಳಿಯುತ್ತಿತ್ತು. ಹೊಸ ಮನೆ ಕಟ್ಟಿಸುತ್ತಿದ್ದ ಕುಮಾರ್, ಎಲೆಅಡಿಕೆ ತುಂಬಿದ ಬಾಯನ್ನು ಅವನ ಕಿವಿಯ ಹತ್ತಿರ ತಂದ.

"ಪ್ಯಾಂಟು ಒಸಿ ಮ್ಯಾಕೆ ಎತ್ಕೊ ಕಣಪ್ಪ. ಫೋಟೋದಲ್ಲಿ ಕಾಲು ಕಾಣ್ಬೇಕು."

ಕಿವಿಯ ಮೇಲೆ ಉಗುಳಿನ ಹನಿ ಬಿತ್ತು. ಚಲುವರಾಜು ಒರೆಸಿಕೊಂಡ. ಪ್ಯಾಂಟು ಎತ್ತಲಿಲ್ಲ.

ಎರಡು ವರ್ಷದ ಹಿಂದೆ, ಸೈನ್ಯದಲ್ಲಿದ್ದಾಗ, ಗಡಿಯಲ್ಲಿ ನೆಲಬಾಂಬು ಸಿಡಿದು ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಪುಣೆಯ ಆಸ್ಪತ್ರೆಯಲ್ಲಿ ಕೃತಕ ಕಾಲು ಹಾಕಿಸಿಕೊಂಡು ಬಿಂಡಿಗನವಿಲೆಗೆ ಮರಳಿದ ಮೇಲೆ ಶಾಲೆಯವರು ಕರೆದರು, ಸಂಘದವರು ಕರೆದರು, ಗಣೇಶನ ಪೆಂಡಾಲಿನವರೂ ಕರೆದರು. ಮನೆಯ ಪೆಟ್ಟಿಗೆಯಲ್ಲಿ ಶಾಲುಗಳು ಹಿಡಿಸುತ್ತಿರಲಿಲ್ಲ. ಕೆಲಸಕ್ಕೆ ಬಾ ಎಂದವರು ಮಾತ್ರ ಒಬ್ಬರೂ ಇರಲಿಲ್ಲ.

ಅವರದು ತಲೆತಲಾಂತರದ ಮರಗೆಲಸದ ಮನೆ. ಆ ಕೆಲಸಕ್ಕೆ ಎರಡು ಕೈ ಸಾಲದು. ನೆಲದ ಮೇಲೆ ಕೂತು ಎಡಗಾಲಿನ ಬೆರಳುಗಳಿಂದ ಮರವನ್ನು ಅವುಕಿ ಹಿಡಿದರೇನೇ ಉಳಿ ನೆಟ್ಟಗೆ ನಡೆಯುವುದು. ಹಾಗಾಗಿ ಇವನಿಂದ ಆಗದು ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಅಂಥದ್ದರಲ್ಲಿ ಕುಮಾರ್ ಬಂದು, "ನಮ್ ಮನೆ ಬಾಗ್ಲುವಾಡ ಚಲುವನೇ ಮಾಡ್ಲಿ" ಅಂದಿದ್ದ. ಚಲುವರಾಜು ಸೈಕಲ್ ಟ್ಯೂಬನ್ನು ಕುಣಿಕೆ ಮಾಡಿ, ಮರಕ್ಕೆ ಸುತ್ತಿ ಮೊಣಕಾಲಿಗೆ ಬಿಗಿದು, ಹೊಸದಾಗಿ ಹಿಡಿತ ಕಲಿತ. ಟ್ಯೂಬು ಉಜ್ಜಿ ಮೋಟುಗಾಲು ಹುಣ್ಣಾಗಿ ಕೀವು ಸೋರಿತು. ನಲವತ್ತು ದಿನಕ್ಕೆ ಬೇವಿನ ಬಾಗಿಲುವಾಡ ಮುಗಿದು, ಹೋದ ವಾರ ಕುಮಾರನ ಮನೆಗೆ ಹೋಯಿತು.

ಬಾಗಿಲು ಇಡುವ ದಿನ, ವಾಡ ಮಾಡಿದ ಆಚಾರಿಗೆ ಎಲೆಅಡಿಕೆ ಕೊಟ್ಟು "ನಿಲ್ಸಪ್ಪ" ಅನ್ನುವುದು ಪದ್ಧತಿ. ಆ ಒಂದು ಮಾತು ಕೇಳಲೆಂದೇ ಅವನು ಇವತ್ತು ಬೆಳಿಗ್ಗೆ ಉಳಿ, ಸುತ್ತಿಗೆಯ ಚೀಲ ಹಿಡಿದು ಬಂದಿದ್ದ. ಬಂದರೆ ಶಾಮಿಯಾನ, ಮೈಕು, ಅವನ ಮುಖ ಅಂಟಿಸಿದ ಫ್ಲೆಕ್ಸು. ಕೂರಿಸಿ ಹಾರ ಹಾಕಿ ಇನ್ನೊಂದು ಶಾಲು ಹೊದಿಸಿದ್ದರು.

ಅಷ್ಟರಲ್ಲಿ ನಾಗಮಂಗಲದ ಕಡೆಯ ನಾಲ್ಕು ಜನ ಪಾಲಿಶ್ ಮಿಂಚುವ ತೇಗದ ವಾಡವೊಂದನ್ನು ಹೊತ್ತು ತಂದು ಬಾಗಿಲ ಜಾಗಕ್ಕೆ ಎತ್ತಿ ನಿಲ್ಲಿಸತೊಡಗಿದರು.

ಚಲುವರಾಜು ಪಕ್ಕದಲ್ಲಿದ್ದ ಅಪ್ಪನ ಕಡೆ ತಿರುಗಿದ. "ನಮ್ದೆಲ್ಲಪ್ಪ?"

ರಾಮಚಂದ್ರಾಚಾರಿ ನೆಲ ನೋಡಿದರು. "ಮೊನ್ನೆನೇ ಇದ್ಕೆ ಆರ್ಡ್ರು ಕೊಟ್ಟವ್ರೆ ಕಣ್ಲಾ. ನೊಂದ್ಕೊಂಡೀಯ ಅಂತ ಯೋಳ್ನಿಲ್ಲ."

"ನನ್ ಕೈಲಿ ಮಾಡಿಸಿದ್ದು ಯಾಕಂತೆ?"

"ಪಾಪ, ಕೈಗೊಂದ್ ಕೆಲ್ಸ ಇರ್ಲಿ ಅಂತ."

ಅವನಿಗೆ ಕುಮಾರನ ಮೇಲೆ ಬಂದ ಹೇಸಿಗೆ ಅಪ್ಪನ ಮೇಲೂ ಬಂತು. ಅಷ್ಟೂ ದಿನ ಮುಂದೆ ಕೂತು, ಉಳಿ ಸಾಣೆ ಹಿಡಿದು ಕೊಟ್ಟ ಅಪ್ಪ. ಚಲುವರಾಜು ಚೀಲ ಎತ್ತಿಕೊಂಡು ಮನೆಯ ಹಿಂದಕ್ಕೆ ನಡೆದ.

ಅಲ್ಲಿತ್ತು ಅವನ ವಾಡ. ಗಾರೆಯವರು ಅದನ್ನು ಕೆಸರಿಗೆ ಅಡ್ಡ ಹಾಕಿ ಮೇಲೆ ತಗಡು ಹಾಸಿ, ಸಿಮೆಂಟಿನ ಗಾಡಿ ತಳ್ಳಲು ದಾರಿ ಮಾಡಿಕೊಂಡಿದ್ದರು. ತಗಡಿನಿಂದಾಚೆ ಚಾಚಿದ್ದ ಹೊಸಿಲಿನ ಮೇಲೆ ಯಾರೋ ಎಲೆಅಡಿಕೆ ಉಗಿದಿದ್ದರು.

ಹಿಂದೆಯೇ ಬಂದ ಕುಮಾರ್ ನಕ್ಕ. "ವಾಸ್ತು ಬರ್ನಿಲ್ಲ ಕಣಪ್ಪ. ಬಾ, ಎಂಎಲ್‌ಎ ಕಡೆಯೋರು ಬಂದವ್ರೆ, ಫೋಟೋಗೆ ಕಾಯ್ತಾವ್ರೆ."

"ಇದ್ನ ನಾನ್ ತಕೊಂಡೋಯ್ತೀನಿ."

"ತಕೊಂಡೋಗು. ಫೋಟೋ ಆಗ್ಲಿ ಮದ್ಲು."

ಚಲುವರಾಜು ಹಾರ ತೆಗೆದು ಗಾರೆಯ ಬಾಂಡ್ಲಿಗೆ ಹಾಕಿದ. ಶಾಲು ಬಿಚ್ಚಿ, ಬಗ್ಗಿ, ಉಗುಳು ಒರೆಸತೊಡಗಿದ. ಕುಮಾರ್ "ತಲೆಗೂ ಏಟು ಬಿದ್ದಿರ್ಬೇಕು" ಅಂತ ಅಂದುಕೊಂಡೇ ಹೋದ.

ಬೇಲಿಯಾಚೆ ಕುರಿ ಬಿಟ್ಟುಕೊಂಡು ನಿಂತಿದ್ದ ವೆಂಕಟಮ್ಮ ಒಳಗೆ ಬಂದಳು. ಪಕ್ಕದ ಹೊಲದ ಮುದುಕಿ, ಬಾಯಿಬಡುಕಿ ಅಂತಲೇ ಹೆಸರು. ಕುಕ್ಕರಗಾಲಲ್ಲಿ ಕೂತು ವಾಡದ ಮೂಲೆಗೆ ಉಗುರು ಹಾಕಿ ನೋಡಿದಳು.

"ಯಾರ್ ಮಾಡಿದ್ದು ಇದ? ಇಲ್ಲಿ ಸಂದು ಬುಟ್ಟದೆ."

"ಸಿಮೆಂಟಿನ ನೀರು ಕುಡ್ದು ಅಂಗಾಗದೆ ಕಣವ್ವ."

"ತಪ್ಪ್ನ ಸಿಮೆಂಟಿನ ಮ್ಯಾಲೆ ಯಾಕ್ ಹಾಕ್ತೀಯ? ನೋಡು ನೀನೇ."

ಅವನು ಬೆರಳಿಟ್ಟು ನೋಡಿದ. ಕೂಡು ಮೂಲೆಯಲ್ಲಿ ಕೂದಲೆಳೆಯಷ್ಟು ಓರೆಯಿತ್ತು. ಮೊದಲ ವಾರ, ಟ್ಯೂಬು ಜಾರಿದಾಗ ಆದದ್ದು.

"ದಿಟ ಕಣವ್ವ. ನಂದೇ ತಪ್ಪು."

"ನಮ್ ಕುರಿ ದೊಡ್ಡಿ ಬಾಗ್ಲು ಕಿತ್ತೋಗದೆ. ನೀನ್ ಮಾಡೋದೂ ಇಂಗೇ ಸಂದು ಬುಟ್ಟು, ನಾಯಿ ನುಗ್ಗಿ ಒಂದ್ ಮರಿ ಹೋದ್ರೂ, ಬಾಗ್ಲು ತಂದು ನಿನ್ ಮನೆ ಮುಂದೆ ಬಿಸಾಕ್ತೀನಿ, ತಿಳ್ಕ."

"ಬಿಸಾಕು."

"ಅಳ್ತೆಗೆ ಯಾವತ್ ಬತ್ತೀಯ?"

ಮುಂದುಗಡೆ ಮೈಕಿನಲ್ಲಿ ಅವನ ಹೆಸರು ಎರಡನೇ ಸಲ ಕೂಗುತ್ತಿದ್ದರು. ಚಲುವರಾಜು ಕೊಳೆಯಾದ ಶಾಲನ್ನು ಅಲ್ಲೇ ಎಸೆದು, ಉಳಿಯ ಚೀಲ ಹೆಗಲಿಗೇರಿಸಿದ.

"ನಡಿ, ಈಗ್ಲೇ ನೋಡವ."