ಗಡಿಗೆರೆಯ ಮೇಲಿನ ಮನೆ

ಅಮೆರಿಕದ ಪಡುವಣ ಸೀಮೆಯ ಚರಿತ್ರೆ ಅಂದರೆ ಜನಕ್ಕೆ ಕುದುರೆ ಬೇಕು, ಕೋವಿ ಬೇಕು. ವರ್ನಾ ಹೇಳುತ್ತಿದ್ದುದೋ ಎರಡು ಮಂಚಗಳ ಕಥೆ. ಹಾಗಾಗಿ ನೆಬ್ರಾಸ್ಕದ ಆ ಸಣ್ಣ ಊರಿನ ಗ್ರಂಥಾಲಯದಲ್ಲಿ ಅವಳ ಉಪನ್ಯಾಸಕ್ಕೆ ಬಂದವರು ಬೆರಳೆಣಿಕೆಯ ಮಂದಿ. ಇರಲಿ ಬಿಡಿ, ಅವಳಿಗೆ ಬೇಕಾಗಿದ್ದವಳು ಒಬ್ಬಳೇ, ತಂಗಿ ಆರ್ಡಿಸ್. ಅಮ್ಮನನ್ನು ಎಲ್ಲಿ ಮಣ್ಣು ಮಾಡುವುದು ಎಂಬ ಜಗಳದಲ್ಲಿ ಮಾತು ಬಿಟ್ಟವಳು, ಊರಿನ ಆಚೆ ಬೀದಿಯಲ್ಲೇ ಇದ್ದಳು. ಗಂಡ ಸತ್ತ ಮೇಲೆ ವರ್ನಾಳ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೋ ಮಾತ್ರ. ಈ ಸಲ ನಾಚಿಕೆ ಬಿಟ್ಟು ತಂಗಿಗೆ ಫೋನು ಮಾಡಿ ಕರೆದಿದ್ದಳು.

ಉಪನ್ಯಾಸ ಶುರುವಾದ ಮೇಲೆ ಆರ್ಡಿಸ್ ಬಂದಳು. ಕೋಟು ಬಿಚ್ಚದೆ ಹಿಂದಿನ ಸಾಲಿನಲ್ಲಿ ಕುಳಿತಳು. ಹಿಂದಿನ ಸಾಲಿಗೂ ಕೇಳಲೆಂದು ವರ್ನಾ ದನಿ ಏರಿಸಿದಳು.

"ನಮ್ಮಜ್ಜಿ ಇಂಗಾ, ಅವರ ತಂಗಿ ಥೋರಾ ಅಕ್ಕಪಕ್ಕದಲ್ಲೇ ಸರ್ಕಾರಿ ಜಮೀನು ಹಿಡಿದ್ರು. ಐದು ವರ್ಷ ಅವರವರ ನೆಲದಲ್ಲೇ ವಾಸ ಮಾಡಿದ್ರೆ ಮಾತ್ರ ಹಕ್ಕುಪತ್ರ. ಆ ಬಯಲಲ್ಲಿ ಒಬ್ಬೊಬ್ರೇ ಇರೋಕೆ ಭಯ. ಅದಕ್ಕೇ ಎರಡು ಜಮೀನಿನ ನಡುವಿನ ಗಡಿಗೆರೆ ಮೇಲೇ, ಹುಲ್ಲುಬೇರಿನ ಸಮೇತ ಕಡಿದ ಮಣ್ಣುಹೆಂಟೆ ಪೇರಿಸಿ, ಒಂದೇ ಮನೆ ಕಟ್ಟಿದ್ರು. ಈಚೆಗೆ ಅಕ್ಕನ ಮಂಚ, ಆಚೆಗೆ ತಂಗಿ ಮಂಚ, ನಡುವೆ ಊಟದ ಮೇಜು."

"ನಿದ್ದೇಲಿ ಹೊರಳಿ ಆಚೆ ಬಿದ್ರೆ ಜಮೀನು ಹೋಯ್ತಾ ವರ್ನಾ?" ಎಂದು ಮುದುಕ ಡೆಲ್ಮರ್ ಕೀಟಲೆ ಮಾಡಿದ. ಎಲ್ಲರೂ ನಕ್ಕರು. ಆರ್ಡಿಸ್ ನಗಲಿಲ್ಲ.

"ಒಂದು ಚಳಿಗಾಲ ಇಬ್ರೂ ಮಾತು ಬಿಟ್ಟಿದ್ರು," ಎಂದಳು ವರ್ನಾ, ಹಿಂದಿನ ಸಾಲನ್ನೇ ನೋಡುತ್ತ. "ಆದ್ರೆ ಬಿಟ್ಟು ಹೋಗೋ ಹಾಗಿಲ್ಲ. ಅದೇ ಒಲೆ, ಅದೇ ಮೇಜು. ಕೊನೆಗೊಂದಿನ ಒಬ್ರು ಉಪ್ಪು ಕೇಳಿದ್ರು, ಇನ್ನೊಬ್ರು ಕೊಟ್ರು. ಅಷ್ಟೇ, ಜಗಳ ಮುಗೀತು."

ಉಪ್ಪಿನ ಮಾತು ಅವಳೇ ಹುಟ್ಟಿಸಿದ್ದು. ಇವತ್ತಿಗೆಂದೇ ಹುಟ್ಟಿಸಿದ್ದು, ಪಾಪ.

ಜನ ಕಾಫಿಗೆ ಎದ್ದಾಗ ಆರ್ಡಿಸ್ ಹತ್ತಿರ ಬಂದಳು.

"ಉಪ್ಪು ಎಲ್ಲಿಂದ ಬಂತು ಅಕ್ಕ? ಹಕ್ಕುಪತ್ರ ಕೈಗೆ ಬಂದ ದಿನವೇ ಥೋರಜ್ಜಿ ಮಂಚ ಗಾಡಿಗೆ ಹೇರ್ಕೊಂಡು ಹೊರಟೇಬಿಟ್ರು. ಅಜ್ಜೀನೇ ಹೇಳಿದ್ದು."

"ಗೊತ್ತು ಕಣೇ. ಒಬ್ಳೇ ಇದ್ದು ಇದ್ದು ಸಾಕಾಗಿದೆ. ಮನೆಗೆ ಬಾರೇ, ಒಂದು ತುತ್ತು ಉಂಡ್ಕೊಂಡು ಹೋಗು."

ಆರ್ಡಿಸ್ ಕೈಗವಸು ಹಾಕಿಕೊಂಡಳು. "ಅವರನ್ನ ಒಂದು ಮೇಜಿಗೆ ಕೂರಿಸಿದ್ದು ಕಾನೂನು. ನಮಗೆ ಅದೂ ಇಲ್ವಲ್ಲ ಅಕ್ಕ."

ದನಿಯಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಹೊರಟುಹೋದಳು.

ಗ್ರಂಥಾಲಯದ ಲೊರೇನ್ ಕೇಕಿನ ತಟ್ಟೆ ಹಿಡಿದು ಬಂದಳು. "ನಿಮ್ಮ ತಂಗಿ ಬಂದಿದ್ರಲ್ಲ! ಕಥೆ ಹಿಡಿಸ್ತಂತಾ?"

"ಹಿಡಿಸ್ತಂತೆ," ಎಂದಳು ವರ್ನಾ. "ಭಾನುವಾರ ಊಟಕ್ಕೆ ಬರ್ತಾಳಂತೆ."